ಗ್ರಾಂ ಸಾಹೇಬರ ವಿಮಾನ

ನನ್ನ ಅಕ್ಕನ ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದರು. ಅಂಗಡಿಯವರು ಎದುರಿಗೆ ಅವರನ್ನು ‘ಸಾರ್’ ಎನ್ನುತ್ತಿದ್ದರು. ಅವರು ಬೀದಿಯ ತಿರುವು ದಾಟಿದ ಮೇಲೆ ‘ಗ್ರಾಂ ಸಾಹೇಬ’ ಎನ್ನುತ್ತಿದ್ದರು. ಹಿತ್ತಾಳೆ ಬಟ್ಟುಗಳ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅವರು ಪೇಟೆಗೆ ಕಾಲಿಟ್ಟರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಗಡಿಬಿಡಿಯಿಂದ ತಕ್ಕಡಿ ಒರೆಸತೊಡಗುತ್ತಿದ್ದರು. ಭಾವ ಲಂಚ ಮುಟ್ಟಿದವರಲ್ಲ. ಆದರೆ ಅದನ್ನು ಎಷ್ಟು ಸಲ ಹೇಳುತ್ತಿದ್ದರೆಂದರೆ, ಒಂದು ಸಲ ಮುಟ್ಟಿಬಿಟ್ಟಿದ್ದರೇ ನಮ್ಮ ಕಿವಿಗಾದರೂ ನೆಮ್ಮದಿ ಇರುತ್ತಿತ್ತೇನೋ ಎನ್ನಿಸುತ್ತಿತ್ತು.

ಮನೆಯಲ್ಲೂ ಅದೇ ಕತೆ. ಸೋಪು, ಬ್ರೆಡ್ಡು, ಸಕ್ಕರೆ ಎಲ್ಲವೂ ಅಡುಗೆಮನೆಯ ಪುಟ್ಟ ತೂಕದ ಯಂತ್ರವನ್ನು ಹತ್ತಿ ಇಳಿದೇ ಡಬ್ಬಿ ಸೇರಬೇಕು. ಒಮ್ಮೆ ನಾನು ತಂದ ಬಿಸ್ಕತ್ತಿನ ಪೊಟ್ಟಣ ನಾಲ್ಕು ಗ್ರಾಂ ಕಡಿಮೆ ಬಂತು. ಭಾವ ಕಂಪನಿಗೆ ಪತ್ರ ಬರೆದರು. ಸಾಕ್ಷಿ ಬೇಕೆಂದು ಆ ಪೊಟ್ಟಣವನ್ನು ಮೂರು ತಿಂಗಳು ಕಪಾಟಿನಲ್ಲಿ ಇಟ್ಟರು. ಉತ್ತರ ಬರಲಿಲ್ಲ, ಇರುವೆ ಬಂದವು.

ಇದನ್ನೆಲ್ಲ ಹೇಳುವ ನಾನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಮದುವೆಯಾಗಿಲ್ಲ, ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಇದ್ದೇನೆ. ಕೆಳಗೆ ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಕ್ಕನ ಹೊಲಿಗೆ ಅಂಗಡಿ. ಅದರ ಹಿಂದೆ ರೈಲು ಡಬ್ಬಿಯಂತೆ ಉದ್ದನೆಯ ಹಜಾರ. ವಿಮಾನ ಹುಟ್ಟಿದ್ದು ಆ ಹಜಾರದಲ್ಲಿ.

ಭಾವನಿಗೆ ಆಗ ಐವತ್ತನಾಲ್ಕು. ಊರ ಹೊರಗಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸಾಮಾನು ತೂಗುವ ಯಂತ್ರಕ್ಕೆ ಮುದ್ರೆ ಹಾಕಲು ಹೋಗಿದ್ದರು. ಅಲ್ಲಿನ ಶೆಡ್ಡಿನಲ್ಲಿ ಹಳೆಯ ವಿಮಾನವೊಂದರ ರೆಕ್ಕೆಯನ್ನು ಬಟ್ಟೆ ಸುಲಿದು ಮೇಜಿನ ಮೇಲೆ ಮಲಗಿಸಿದ್ದರು. ಒಳಗೆಲ್ಲ ಮರ. ಸ್ಕೇಲಿನಷ್ಟು ತೆಳ್ಳಗಿನ ಕಡ್ಡಿಗಳನ್ನು ಅಂಟಿಸಿ ಮಾಡಿದ ಪಕ್ಕೆಲುಬುಗಳು ಸಾಲಾಗಿ ನಿಂತಿದ್ದವು. ಬಿಡಿಯಾಗಿದ್ದ ಒಂದನ್ನು ಭಾವ ಎರಡು ಬೆರಳಲ್ಲಿ ಎತ್ತಿ, ಅಭ್ಯಾಸದಂತೆ, “ನೂರಾ ಇಪ್ಪತ್ತು ಗ್ರಾಂ” ಎಂದರು. ಮೆಕ್ಯಾನಿಕ್ ತೂಗಿ ನೋಡಿದ. ನೂರಾ ಹದಿನೆಂಟು. “ಇದಕ್ಕಿಂತ ಹತ್ತು ಗ್ರಾಂ ಜಾಸ್ತಿ ಆದ್ರೆ ನಾವು ಎಸೆದುಬಿಡ್ತೀವಿ ಸಾರ್” ಎಂದ.

ಜಗತ್ತಿನಲ್ಲಿ ಗ್ರಾಮಿಗೆ ಮರ್ಯಾದೆ ಕೊಡುವ ಇನ್ನೊಂದು ಜಾಗ ಇದೆ ಎಂದು ಭಾವನಿಗೆ ಅವತ್ತು ಗೊತ್ತಾಯಿತು. ಮನೆಗೆ ಬಂದವರು ಊಟಕ್ಕೆ ಕೂತು ಆ ಕಡ್ಡಿಗಳ ವಿಚಾರವನ್ನೇ ಮಾತಾಡಿದರು. ಮೂರು ತಿಂಗಳಲ್ಲಿ ನಕ್ಷೆಗಳ ಸುರುಳಿ ಬಂತು. ನಾಲ್ಕನೇ ತಿಂಗಳು ಹಜಾರದ ಸೋಫಾ ನನ್ನ ಕೋಣೆಗೆ ಬಂತು.

ಅಕ್ಕ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದರಲ್ಲಿ ಒಂದೇ ಸೀಟು ಇದೆಯಲ್ಲ ರೀ?”

“ಎರಡು ಸೀಟಿನದು ಭಾರ ಆಗುತ್ತೆ ಕಣೇ.”

“ಹೌದೌದು, ನಾನು ಭಾರ” ಎಂದು ಅಕ್ಕ ಅಂಗಡಿಗೆ ಹೋಗಿ ಮಿಷನ್ನು ತುಳಿಯತೊಡಗಿದಳು. ಅವಳ ತೂಕ ಐವತ್ತೆರಡು ಕಿಲೋ.

ಮನೆಯಲ್ಲಿ ವಿಮಾನ ಕಟ್ಟುವವರ ಬಗ್ಗೆ ಜನ ಮೊದಲು ಕೇಳುವುದು, ಬಾಗಿಲಲ್ಲಿ ಅದು ಹೊರಗೆ ಹೋಗುತ್ತಾ ಎಂದು. ಆ ಸಂತೋಷವನ್ನು ಭಾವ ಯಾರಿಗೂ ಕೊಡಲಿಲ್ಲ. ಅವರು ಅಳತೆಯ ಮನುಷ್ಯ. ಮೊದಲ ದಿನವೇ ಬಾಗಿಲನ್ನು ಅಳೆದಿದ್ದರು. ರೆಕ್ಕೆಗಳು ಬಿಡಿ, ಒಡಲು ಬಿಡಿ, ಬಾಲ ಬಿಡಿ. ಎಲ್ಲ ಸಲೀಸಾಗಿ ಹೋಗುತ್ತಿತ್ತು. ಎಡವಟ್ಟಾಗಿದ್ದು ಬೇರೆ ಕಡೆ.

ಮೊದಲ ಎರಡು ವರ್ಷ ಅವರು ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿದರು. ಹಲಗೆಯ ಮೇಲೆ ಪಕ್ಕೆಲುಬಿನ ಆಕಾರಕ್ಕೆ ಮೊಳೆ ಹೊಡೆದು, ಹಬೆಯಲ್ಲಿ ಬಗ್ಗಿಸಿದ ಕಡ್ಡಿಗಳನ್ನು ಅದರೊಳಗೆ ಕೂರಿಸಿ ಅಂಟು ಹಾಕುತ್ತಿದ್ದರು. ಬಿಗಿ ಹಿಡಿಯಲು ಅಕ್ಕನ ಬಟ್ಟೆ ಕ್ಲಿಪ್ಪುಗಳೇ. ತಂತಿಯ ಮೇಲಿದ್ದ ನನ್ನ ಬನಿಯನ್ನುಗಳು ಎಷ್ಟೋ ಸಲ ಪಕ್ಕದ ಮನೆಯ ಕಾಂಪೌಂಡಿಗೆ ಹಾರಿದವು. ನಮ್ಮ ಮನೆಯಿಂದ ಹಾರಾಟ ಶುರು ಮಾಡಿದ್ದು ಅವೇ ಮೊದಲು. ಪ್ರತಿ ಸಲ ಅಂಟು ಕಲಸಿದಾಗಲೂ ಎರಡು ತುಂಡು ಮರ ಅಂಟಿಸಿಟ್ಟು ಮರುದಿನ ಸುತ್ತಿಗೆಯಿಂದ ಒಡೆಯಬೇಕು. ಮರ ಒಡೆದರೆ ಅಂಟು ಒಳ್ಳೆಯದು, ಅಂಟು ಬಿಟ್ಟರೆ ಕೆಲಸ ಕೆಟ್ಟಿತು. ಬೆಳಗಿನ ಕಾಫಿಗೆ ಮೊದಲು ನಮ್ಮ ಮನೆಯಲ್ಲಿ ಕೇಳುತ್ತಿದ್ದುದು ಆ ಸುತ್ತಿಗೆಯ ಏಟು. ಭಾನುವಾರಗಳಲ್ಲಿ ಕ್ಲಬ್ಬಿಗೆ ಹೋಗಿ ಅಲ್ಲಿನ ವಿಮಾನದಲ್ಲಿ ಹಾರಿಸುವುದನ್ನೂ ಕಲಿತು ಲೈಸೆನ್ಸ್ ತಂದರು.

ಹೀಗೆ ಕಟ್ಟುವ ವಿಮಾನವನ್ನು ಹಂತಹಂತಕ್ಕೂ ಯಾರಾದರೂ ಪರೀಕ್ಷೆ ಮಾಡಿ ಸಹಿ ಹಾಕಬೇಕು. ಆ ಕೆಲಸ ಕ್ಲಬ್ಬಿನ ಎಂಜಿನಿಯರಮ್ಮನದು. ಮೂವತ್ತರ ಹೆಣ್ಣುಮಗಳು. ಮಾತು ಕಡಿಮೆ. ಕೈಯಲ್ಲಿ ಟಾರ್ಚು ಮತ್ತು ಕಡ್ಡಿಗೆ ಸಿಕ್ಕಿಸಿದ ಪುಟ್ಟ ಕನ್ನಡಿ. ಮೂವತ್ತು ವರ್ಷ ಊರನ್ನೆಲ್ಲ ಪರೀಕ್ಷೆ ಮಾಡಿದ ನಮ್ಮ ಭಾವ, ತಮ್ಮನ್ನು ಪರೀಕ್ಷೆ ಮಾಡಲು ಒಬ್ಬರು ಬರುತ್ತಾರೆ ಎಂಬುದನ್ನು ಹೇಗೋ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮೊದಲ ಸಲ ಆಕೆ ಬಂದಾಗ ಭಾವ ಬಿಸಿಬಿಸಿ ಕಾಫಿ ತರಿಸಿದರು. ಎಂಜಿನಿಯರಮ್ಮ, “ಕೆಲಸ ಮುಗಿದ ಮೇಲೆ ಕುಡೀತೀನಿ ಸಾರ್” ಎಂದು ಲೋಟವನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಮಲಗಿ ಒಡಲಿನ ತಳಕ್ಕೆ ಟಾರ್ಚು ಬಿಟ್ಟರು.

“ಡ್ರಾಯಿಂಗಿನಲ್ಲಿ ಒಂದೂವರೆ ಮಿಲಿಮೀಟರ್ ಪ್ಲೈವುಡ್ ಇದೆ. ನೀವು ಮೂರು ಹಾಕಿದ್ದೀರಿ.”

“ಗಟ್ಟಿಯಾಗಿರ್ಲಿ ಅಂತ.”

“ಗಟ್ಟಿ ಬೇರೆ, ಭಾರ ಬೇರೆ ಸಾರ್.”

“ಎಲ್ಲರೂ ಹೀಗೇ ಮಾಡ್ತಾರಮ್ಮ.”

ನಾನು ಅಲ್ಲೇ ನಿಂತಿದ್ದೆ. ‘ಎಲ್ಲರೂ ಹೀಗೇ ಮಾಡ್ತಾರೆ ಸಾರ್’ ಎಂದ ಅಂಗಡಿಯವನಿಗೆ ಎರಡು ಪಟ್ಟು ದಂಡ ಹಾಕಿ ಬಂದೆನೆಂದು ಭಾವ ಹೇಳಿಕೊಂಡಿದ್ದನ್ನು ಕಡಿಮೆಯೆಂದರೆ ನಲವತ್ತು ಸಲ ಕೇಳಿದ್ದೇನೆ.

ಆಮೇಲೆ ಎಡರೆಕ್ಕೆಯ ಮುಂಭಾಗ. ಅದರೊಳಗೆ ಒಂದು ಕಡೆ ಅಂಟು ಸರಿಯಾಗಿ ತುಂಬಿಲ್ಲ, ಬಿಚ್ಚಿ ಮತ್ತೆ ಮಾಡಬೇಕು ಎಂದರು ಎಂಜಿನಿಯರಮ್ಮ. ಎರಡು ವಾರದ ಕೆಲಸ. ಭಾವನ ಮುಖ ಕೆಂಪಾಯಿತು. “ಒಳಗಿರೋದು ಯಾರಿಗಮ್ಮ ಕಾಣುತ್ತೆ?” ಎಂದುಬಿಟ್ಟರು.

ಹೊಲಿಗೆ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಂತಿತು. ಅಕ್ಕ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಏನಂದ್ರಿ? ಇನ್ನೊಂದು ಸಲ ಹೇಳಿ, ಸರಿಯಾಗಿ ಕೇಳಿಸಿಕೊಳ್ತೀನಿ.”

ಭಾವ ರೆಕ್ಕೆ ಬಿಚ್ಚಿದರು.

ಆದರೆ ಬುದ್ಧಿ ಬರಲಿಲ್ಲ. ನಿವೃತ್ತಿಯಾದ ಮೇಲೆ ದಿನವಿಡೀ ಸಮಯ; ವಿಮಾನಕ್ಕೆ ದಿನಾ ಒಂದಲ್ಲ ಒಂದು ಸೇರತೊಡಗಿತು. ಕೂರುವಲ್ಲಿ ಚರ್ಮದ ಹೊದಿಕೆಯ ಸ್ಪ್ರಿಂಗ್ ಸೀಟು. ಮೀಟರುಗಳ ಹಿಂದೆ ತೇಗದ ಹಲಗೆ, ಅದಕ್ಕೆ ಆರು ಕೋಟು ಪಾಲಿಶ್. ಕೈಯಿಂದ ಮೂತಿಯ ಫ್ಯಾನು ತಿರುಗಿಸಿ ಎಂಜಿನ್ ಶುರು ಮಾಡುವುದು ತಮ್ಮಂಥವರಿಗೆ ಶೋಭೆಯಲ್ಲವೆಂದು ಬ್ಯಾಟರಿ, ಸ್ಟಾರ್ಟರ್. ಚಕ್ರಗಳು ದೊಡ್ಡವು. ಕೊನೆಗೆ ತಮ್ಮ ಹೆಸರು, ಹುದ್ದೆ, ಆವರಣದಲ್ಲಿ ‘ನಿವೃತ್ತ’ ಎಂದು ಕೆತ್ತಿಸಿದ ಹಿತ್ತಾಳೆ ಫಲಕ. ಒಂದೊಂದನ್ನು ತಂದಾಗಲೂ “ಇದೇನು ಮಹಾ ಭಾರ” ಎನ್ನುತ್ತಿದ್ದರು. ಬಿಸ್ಕತ್ತಿನ ನಾಲ್ಕು ಗ್ರಾಂ ಪತ್ತೆ ಹಚ್ಚಿದ ಮನುಷ್ಯ ಇವುಗಳಲ್ಲಿ ಒಂದನ್ನೂ ತೂಗಲಿಲ್ಲ.

ಮರದ ಕೆಲಸ ಮುಗಿದು ಬಟ್ಟೆ ಹೊದಿಸುವ ಹಂತ ಬಂತು. ಪಾಲಿಯೆಸ್ಟರ್ ಬಟ್ಟೆಯನ್ನು ಅಂಟಿಸಿ, ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಕುಗ್ಗಿಸಿ, ಡೋಲಿನ ಚರ್ಮದ ಹಾಗೆ ಬಿಗಿ ಮಾಡಿ, ಆಮೇಲೆ ಪ್ರತಿ ಪಕ್ಕೆಲುಬಿಗೂ ಮೇಣದ ದಾರದಿಂದ ಹೊಲಿದು ಬಣ್ಣ ಹೊಡೆಯಬೇಕು. ಭಾವ ಬಾಲದಿಂದ ಶುರು ಮಾಡಿದರು. ಮೊದಲ ಪ್ರಯತ್ನದಲ್ಲಿ ಬಟ್ಟೆ ಮುದುಕನ ಮೊಣಕೈಯಂತೆ ಸುಕ್ಕಾಯಿತು. ಎರಡನೆಯದರಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದ್ದೇ ಒಂದು ತೂತು ಬಿತ್ತು.

“ಅದು ಇಸ್ತ್ರಿ ಅಲ್ಲ ರೀ, ಕೊಲೆ” ಎಂದಳು ಅಕ್ಕ.

“ಇದು ವಿಮಾನದ ಬಟ್ಟೆ. ನಿನ್ನ ಗಿರಾಕಿಗಳ ಅಂಗಿ ಅಲ್ಲ.”

“ಅಂಗಿ ಸುಟ್ಟರೆ ಗಿರಾಕಿ ಬೈದು ಹೋಗ್ತಾನೆ. ಇದು ಹರಿದರೆ ಬಯ್ಯೋಕೆ ಯಾರು ಉಳೀತಾರೆ? ಸರೀರಿ ಆಚೆ.”

ಅಕ್ಕ ಅಂಗಡಿಗೆ ‘ರಜೆ’ ಎಂದು ಬೋರ್ಡು ಹಾಕಿದಳು. ಕೈಪಿಡಿಯ ಚಿತ್ರಗಳನ್ನು ಒಂದು ಮಧ್ಯಾಹ್ನ ಕೂತು ನೋಡಿದಳು. ಹಳೆಯ ಫೋಟೋ ಚೌಕಟ್ಟೊಂದರ ಮೇಲೆ ಚೂರು ಬಟ್ಟೆ ಹಾಕಿ ಇಸ್ತ್ರಿಯ ಶಾಖ ಎಷ್ಟಿರಬೇಕೆಂದು ಕೈಗೆ ಪಳಗಿಸಿಕೊಂಡಳು. ಆಮೇಲೆ ಹನ್ನೊಂದು ದಿನಗಳಲ್ಲಿ ಎರಡು ರೆಕ್ಕೆ, ಒಡಲು, ಬಾಲ ಎಲ್ಲ ಮುಗಿಸಿದಳು. ಮೊಳದುದ್ದದ ಸೂಜಿ ರೆಕ್ಕೆಯ ಈ ಕಡೆಯಿಂದ ಹೋಗಿ ಆ ಕಡೆ ಬರುವಾಗ ಗೆರೆ ಎಳೆದ ಹಾಗೆ ನೇರ. ಬೆರಳಿಂದ ತಟ್ಟಿದರೆ ಬಟ್ಟೆ ‘ಧಂ’ ಎನ್ನುತ್ತಿತ್ತು.

ಎಂಜಿನಿಯರಮ್ಮ ಬಂದು ರೆಕ್ಕೆಯ ಉದ್ದಕ್ಕೂ ಅಂಗೈ ಆಡಿಸಿದರು. ಕನ್ನಡಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. “ಯಾರು ಮಾಡಿದ್ದು ಇದನ್ನ?”

“ನಾವೇ” ಎಂದರು ಭಾವ.

ಎಂಜಿನಿಯರಮ್ಮ ಅವರನ್ನು ನೋಡಲಿಲ್ಲ. ಅಕ್ಕನ ಬೆರಳ ತುದಿಗಳಲ್ಲಿ ಮೇಣದ ದಾರ ಕೊಯ್ದ ಗೆರೆಗಳನ್ನು ನೋಡುತ್ತ, “ಬಹಳ ಚೆನ್ನಾಗಿದೆ ಮೇಡಂ” ಎಂದು ಸಹಿ ಹಾಕಿದರು.

ಇನ್ನು ಉಳಿದದ್ದು ತೂಕ. ವಿಮಾನವನ್ನು ಬಿಡಿಬಿಡಿಯಾಗಿ ಕ್ಲಬ್ಬಿನ ಶೆಡ್ಡಿಗೆ ಸಾಗಿಸಿ ಜೋಡಿಸಿ, ಎರಡು ಚಕ್ರ ಮತ್ತು ಬಾಲದ ಕೆಳಗೆ ಒಂದೊಂದು ಯಂತ್ರ ಇಟ್ಟು ತೂಗಬೇಕು. ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಯಂತ್ರ. “ತೂಕದ ಯಂತ್ರದ ಚಿಂತೆ ನನಗೆ ಬಿಡಿ” ಎಂದರು ಭಾವ, ಮದುಮಗನ ಗತ್ತಿನಲ್ಲಿ. ಊರಿನಲ್ಲಿ ಯಾರ ಯಂತ್ರ ಕೂದಲೆಳೆಯಷ್ಟೂ ತಪ್ಪು ತೋರಿಸುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಪೇಟೆಯ ದಿನಸಿ ಅಂಗಡಿಯಾತನದು. ಇಪ್ಪತ್ತೆರಡು ವರ್ಷದ ಹಿಂದೆ, ಬಟ್ಟಿನ ತಟ್ಟೆಯ ಕೆಳಗೆ ಬೆರಳು ಒತ್ತಿದ್ದಕ್ಕೆ ಆತನನ್ನು ಇಡೀ ಬೀದಿಯ ಎದುರು ನಿಲ್ಲಿಸಿ ದಂಡ ಹಾಕಿದ್ದರು. ಅಂದಿನಿಂದ ಆತ ನ್ಯಾಯವಾಗಿ ತೂಗುತ್ತಿದ್ದ. ಗೋದಾಮಿನ ಮೂರು ಯಂತ್ರಗಳನ್ನೂ ಕೊಡುತ್ತೇನೆಂದು ಕೂಡಲೇ ಒಪ್ಪಿಕೊಂಡ. “ಯಂತ್ರದ ಜತೆ ನಾನೂ ಬರ್ತೀನಿ ಸಾರ್, ನೋಡ್ಬೇಕು” ಎಂದ. ಅವನೊಬ್ಬನೇ ಬರಲಿಲ್ಲ. ಭಾನುವಾರ ಬೆಳಗ್ಗೆ ಕ್ಲಬ್ಬಿನ ಶೆಡ್ಡಿಗೆ ಅರ್ಧ ಪೇಟೆಯೇ ಬಂದು ಕೈಕಟ್ಟಿ ನಿಂತಿತ್ತು.

ನಕ್ಷೆಯ ಪ್ರಕಾರ ಖಾಲಿ ವಿಮಾನ ಇನ್ನೂರ ನಲವತ್ತು ಕಿಲೋ ಇರಬೇಕು. ಇಂಧನ, ಮನುಷ್ಯ ಎಲ್ಲ ಸೇರಿ ಮುನ್ನೂರ ಎಂಬತ್ತು ದಾಟುವಂತಿಲ್ಲ. ನಾಲ್ಕು ಜನ ಸೇರಿ ವಿಮಾನವನ್ನು ಯಂತ್ರಗಳ ಮೇಲೆ ಹತ್ತಿಸಿದೆವು. ಎಂಜಿನಿಯರಮ್ಮ ಎಡಚಕ್ರದ ಅಂಕಿ ಓದಿದರು: ನೂರ ಮೂವತ್ತಾರೂವರೆ. ಬಾಲ: ಹದಿನೆಂಟೂವರೆ. ಬಲಚಕ್ರ: ನೂರ ಇಪ್ಪತ್ತಾರು.

“ಎಡಕ್ಕೂ ಬಲಕ್ಕೂ ಇಷ್ಟು ವ್ಯತ್ಯಾಸ ಬರಬಾರದಲ್ಲ” ಎಂದು ಅವರು ಹುಬ್ಬು ಗಂಟಿಕ್ಕಿದರು.

ಭಾವ ಬಲರೆಕ್ಕೆಯ ಕೆಳಗೆ ನಿಂತಿದ್ದರು. ಅಲುಗಾಡದಿರಲಿ ಎಂದು ಹಿಡಿದುಕೊಂಡಿದ್ದಾರೆಂದು ಎಲ್ಲರೂ ಅಂದುಕೊಂಡಿದ್ದೆವು. ಆದರೆ ನಾನು ಎದುರಿಗೇ ಇದ್ದೆ. ಎಡಚಕ್ರದ ಅಂಕಿ ಕೇಳಿದ ಮೇಲೆ ಅವರ ಮೊಣಕಾಲು ಒಂದಿಷ್ಟು ಬಗ್ಗಿ, ಭುಜ ರೆಕ್ಕೆಯ ತೊಲೆಗೆ ತಾಗಿ, ಮೊಣಕಾಲು ಮತ್ತೆ ನೆಟ್ಟಗಾದದ್ದನ್ನು ಕಣ್ಣಾರೆ ಕಂಡೆ. ದಿನಸಿ ಅಂಗಡಿಯಾತನೂ ಕಂಡ. ತೂಗುವ ಜಾಗದಲ್ಲಿ ಎಲ್ಲಿ ನೋಡಬೇಕೆಂದು ಆತನಿಗೆ ಕಲಿಸಿದ್ದೇ ಭಾವ.

“ಸಾರ್, ಸ್ವಲ್ಪ ಆಚೆ ಬರ್ತೀರಾ?” ಎಂದ.

“ಏನು?”

“ಭುಜ ಸಾರ್.”

ಭಾವ ಒಂದು ಹೆಜ್ಜೆ ಆಚೆ ಬಂದರು. ಅಂಕಿ ಎದ್ದು ಕುಣಿದು ನೂರ ಮೂವತ್ತೇಳಕ್ಕೆ ನಿಂತಿತು. ಹನ್ನೊಂದು ಕಿಲೋ. ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ದಿನಸಿ ಅಂಗಡಿಯಾತ ಬಹಳ ಮೆತ್ತಗೆ, ಮರ್ಯಾದೆಯಿಂದಲೇ ಹೇಳಿದ: “ಅವತ್ತು ನೀವು ನನಗೆ ಹೇಳಿದ್ರಿ, ತೂಗುವಾಗ ಕೈ ಹಿಂದೆ ಕಟ್ಕೊಂಡು ದೂರ ನಿಂತ್ಕೊ ಅಂತ. ನೀವೂ ಹಾಗೇ ನಿಂತ್ಕೊಳ್ಳಿ ಸಾರ್.”

ನಮ್ಮ ಭಾವ ಕೈ ಹಿಂದೆ ಕಟ್ಟಿಕೊಂಡು ನಿಂತರು.

ಒಟ್ಟು ಇನ್ನೂರ ತೊಂಬತ್ತೆರಡು ಕಿಲೋ. ಎಂಜಿನಿಯರಮ್ಮ ಬರೆದುಕೊಂಡು, “ಈಗ ನೀವು ಹತ್ತಿ” ಎಂದರು.

“ನಾನು ಎಪ್ಪತ್ತೆಂಟು, ಬರ್ಕೊಳ್ಳಿ.” ಭಾವ ಕೊನೆಯ ಸಲ ತೂಗಿಸಿಕೊಂಡಿದ್ದು ಯಾವ ಕಾಲದಲ್ಲೋ.

“ಹತ್ತಿ ಸಾರ್.”

“ಶೂ ಬಿಚ್ಲಾ?”

“ಹಾರಿಸುವಾಗ ಬಿಚ್ತೀರಾ?”

ತೊಂಬತ್ತೊಂದು. ಎಂಜಿನಿಯರಮ್ಮ ಹಾಳೆಯ ಮೇಲೆ ಕೂಡಿ ಕಳೆದು, ತಲೆ ಎತ್ತದೆ ಹೇಳಿದರು: “ವಿಮಾನ ಹಾರುತ್ತೆ ಸಾರ್. ತೊಂದರೆ ಇಲ್ಲ. ನೀವು ಅದರಲ್ಲಿ ಇರಬಾರದು, ಅಷ್ಟೇ.”

ನಾಲ್ಕು ದಿನ ಭಾವ ಮಾತಾಡಲಿಲ್ಲ. ಐದನೇ ದಿನ ಮಾತಾಡಿದ್ದು ನೋಡಿ, ಸುಮ್ಮನಿದ್ದಾಗಲೇ ಚೆನ್ನಾಗಿತ್ತು ಎನ್ನಿಸಿತು. ಪೇಟೆಯವರು ಸಂಚು ಮಾಡಿದ್ದಾರೆ, ಆ ಹುಡುಗಿಗೆ ಅನುಭವ ಸಾಲದು, ಮುನ್ನೂರ ಎಂಬತ್ತು ಎಂಬ ಮಿತಿಯನ್ನು ಹೆದರಿಕೊಂಡು ಇಟ್ಟಿದ್ದಾರೆ. ನಕ್ಷೆ ಮಾಡಿದವನಿಗೆ ಮೂರು ಪುಟದ ಪತ್ರ ಬರೆದು, ಸೇವಾ ಅನುಭವವನ್ನು ಪರಿಗಣಿಸಿ ಮಿತಿ ಸಡಿಲಿಸಬೇಕೆಂದು ಕೇಳಿದರು. ಈ ಸಲ ಉತ್ತರ ಬಂತು. ಒಂದೇ ಸಾಲು: ಗಾಳಿಗೆ ನಿಮ್ಮ ಅನುಭವ ತಿಳಿದಿಲ್ಲ.

ಆ ಸಾಲನ್ನು ಓದಿ ಅಕ್ಕ ಎದ್ದಳು. ಸ್ಕ್ರೂಡ್ರೈವರ್ ತೆಗೆದುಕೊಂಡು ನನ್ನ ಸ್ಕೂಟರಿನ ಹಿಂದೆ ಕೂತು, “ಕ್ಲಬ್ಬಿಗೆ ನಡಿಯೋ” ಎಂದಳು. ಅಲ್ಲಿ ಹಿತ್ತಾಳೆ ಫಲಕದ ನಾಲ್ಕೂ ಸ್ಕ್ರೂ ಬಿಚ್ಚಿ, ಸೆರಗಿನಲ್ಲಿ ಸುತ್ತಿಕೊಂಡು ಬಂದು ಅಡುಗೆಮನೆಯ ಯಂತ್ರದ ಮೇಲೆ ಇಟ್ಟಳು.

“ಬನ್ನಿ ಇಲ್ಲಿ. ಎಷ್ಟು ಇದೆ ಓದಿ.”

“ಆರುನೂರ ನಲವತ್ತು ಗ್ರಾಂ” ಎಂದರು ಭಾವ ಗೋಡೆ ನೋಡುತ್ತ.

“ಇದು ಹಾರೋಕೆ ಸಹಾಯ ಮಾಡುತ್ತಾ?”

“ಇಲ್ಲ.”

“ಮತ್ತೆ ಇನ್ನೇನೇನು ಸಹಾಯ ಮಾಡಲ್ಲ, ನೀವೇ ಪಟ್ಟಿ ಮಾಡಿ. ಬೇರೆಯವರ ಅಂಗಡಿ ಅಂದ್ಕೊಂಡು ಮಾಡಿ, ಚೆನ್ನಾಗಿ ಬರುತ್ತೆ.”

ಅಂಥ ಮಾತು ಬೇರೆ ಯಾರು ಆಡಿದ್ದರೂ ಭಾವ ಮನೆ ಬಿಟ್ಟು ಹೋಗುತ್ತಿದ್ದರು. ಅಕ್ಕ ಆಡಿದ್ದರಿಂದ ಕನ್ನಡಕ ಹುಡುಕಿಕೊಂಡು ಪೆನ್ನು ತೆಗೆದುಕೊಂಡರು. ಬೇರೆಯವರ ತಪ್ಪು ಹುಡುಕುವುದರಲ್ಲಿ ಅವರಿಗಿದ್ದ ಪ್ರತಿಭೆಯನ್ನು ಮೊದಲ ಸಲ ತಮ್ಮದೇ ಕೆಲಸದ ಮೇಲೆ ಬಳಸಿದರು. ಚರ್ಮದ ಸೀಟು ಹೋಗಿ ಕ್ಯಾನ್ವಾಸ್ ಬಂತು, ಅದನ್ನೂ ಅಕ್ಕನೇ ಹೊಲಿದಳು. ತೇಗದ ಹಲಗೆ ಹೋಯಿತು. ಬ್ಯಾಟರಿ, ಸ್ಟಾರ್ಟರ್ ಹೋದವು. ಫ್ಯಾನು ಕೈಯಲ್ಲೇ ತಿರುಗಿಸುವುದೆಂದಾಯಿತು. ಚಕ್ರಗಳು ಚಿಕ್ಕವಾದವು. ಒಡಲಿನ ತಳದ ಪ್ಲೈವುಡ್ಡನ್ನು ಕಿತ್ತು ನಕ್ಷೆಯಲ್ಲಿದ್ದಷ್ಟೇ ದಪ್ಪದ್ದನ್ನು ಹಾಕಿದರು. ಎಂಟು ತಿಂಗಳ ಮೇಲೆ ಅದೇ ಮೂರು ಯಂತ್ರಗಳ ಮೇಲೆ ಇನ್ನೂರ ಅರವತ್ತಾರು ಬಂತು. ಆ ದಿನ ಭಾವ ಶೆಡ್ಡಿನ ಬಾಗಿಲ ಆಚೆ, ಯಾರೂ ಹೇಳದೆಯೇ, ಹತ್ತು ಮಾರು ದೂರ ನಿಂತಿದ್ದರು.

ಉಳಿದದ್ದು ಅವರ ಹೊಟ್ಟೆ. ಅದಕ್ಕೆ ಸ್ಕ್ರೂ ಇರಲಿಲ್ಲ. ಬೆಳಗ್ಗೆ ಎದ್ದು ಕ್ಲಬ್ಬಿನ ರಸ್ತೆಯವರೆಗೆ ನಡೆದು ಬರುತ್ತಿದ್ದರು. ದಾರಿಯಲ್ಲಿ ಅಂಗಡಿಗಳ ಬಾಗಿಲು ತೆಗೆಯುವವರು, “ಎಷ್ಟಾಯ್ತು ಸಾರ್?” ಎಂದು ಕೇಳುತ್ತಿದ್ದರು. ಮೊದಮೊದಲು ಉರಿದು ಬೀಳುತ್ತಿದ್ದವರು ಕೊನೆಕೊನೆಗೆ “ಎಂಬತ್ತಾರೂವರೆ” ಎಂದು ಉತ್ತರ ಕೊಡತೊಡಗಿದರು. ಎಂಬತ್ತಮೂರು ಆದ ದಿನ ಎಂಜಿನಿಯರಮ್ಮ, “ಸಾಕು” ಎಂದರು.

ಮೊದಲು, ಹಾರಿಸುವ ಲೈಸೆನ್ಸೂ ಇದ್ದ ಎಂಜಿನಿಯರಮ್ಮನೇ ಹತ್ತಿ ಮೂರು ದಿನ ಹಾರಿಸಿ ನೋಡಿದರು. ವಿಮಾನ ನೆಲ ಬಿಟ್ಟ ಗಳಿಗೆ ಅಕ್ಕ ನನ್ನ ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ. “ಎಡರೆಕ್ಕೆಯ ಏಳನೇ ಪಕ್ಕೆಲುಬಿನ ಹತ್ತಿರ ಒಂದು ಗಂಟು ಇನ್ನೊಂದು ಸುತ್ತು ಹಾಕಬೇಕಿತ್ತು ಕಣೋ” ಎಂದು ಗೊಣಗುತ್ತಲೇ ಇದ್ದಳು. ಗಂಟು ಬಿಚ್ಚಲಿಲ್ಲ. ಮರುವಾರ ಕ್ಲಬ್ಬಿನವರು ತಮ್ಮ ಹಳೆಯ ವಿಮಾನದ ರೆಕ್ಕೆಗಳನ್ನು ಅಕ್ಕನ ಬಳಿ ತಂದರು. ಅಂಗಡಿಯ ಬೋರ್ಡಿಗೆ ‘ವಿಮಾನಗಳಿಗೂ’ ಎಂದು ಬರೆಸಬೇಕೆಂದು ನಾನು ಹೇಳಿದೆ. “ಬಾಯಿ ಮುಚ್ಚು” ಎಂದಳು, ಆದರೆ ಬರೆಸಿದಳು.

ಆಮೇಲೆ ಭಾವನ ಸರದಿ. ದಿನಸಿ ಅಂಗಡಿಯಾತನೂ ಬಂದಿದ್ದ. ಒಂಬತ್ತು ನಿಮಿಷ ಮೇಲಿದ್ದು, ಎರಡು ಸಲ ನೆಲಕ್ಕೆ ಪುಟಿದು ಇಳಿದರು. ಇಳಿದವರ ಅಂಗಿ ಹಿಂಡುವಷ್ಟು ಒದ್ದೆಯಾಗಿತ್ತು.

“ಮೇಲಿಂದ ಹೆಂಗಿತ್ತು ಸಾರ್?” ಎಂದು ದಿನಸಿ ಅಂಗಡಿಯಾತ ಕೇಳಿದ.

“ಗೊತ್ತಿಲ್ಲ. ನಾನು ಹೊರಗೆ ನೋಡಲಿಲ್ಲ. ಮೀಟರ್ ನೋಡ್ತಿದ್ದೆ. ಎತ್ತರದ ಮೀಟರು ಹದಿನೈದು ಅಡಿ ತಪ್ಪು ತೋರಿಸುತ್ತೆ.”

ಏಳು ವರ್ಷ ಮನೆಮಂದಿಯನ್ನೆಲ್ಲ ಅಂಟಿನ ವಾಸನೆಯಲ್ಲಿ ಬದುಕಿಸಿ, ಆಕಾಶಕ್ಕೆ ಹೋಗಿ, ಆಕಾಶ ನೋಡದೆ ಬಂದ ಮನುಷ್ಯನನ್ನು ಅಲ್ಲೇ ಬಿಟ್ಟು ನಾನು ಸ್ಕೂಟರ್ ಒರೆಸಲು ಹೋದೆ.

ಐದನೆಯದೋ ಆರನೆಯದೋ ಭಾನುವಾರ ಇರಬೇಕು. ಅವತ್ತು ಗಾಳಿ ಇರಲಿಲ್ಲ. ಭಾವ ಅರ್ಧ ಗಂಟೆ ಮೇಲಿದ್ದರು. ಇಳಿದು, ಎಂಜಿನ್ ಆರಿಸಿ, ಸೀಟಿನಿಂದ ಏಳದೆ ಹಾಗೇ ಕೂತರು. ಏನಾದರೂ ಆಯಿತೇನೋ ಎಂದು ಅಕ್ಕ ಫ್ಲಾಸ್ಕ್ ಹಿಡಿದುಕೊಂಡು ಓಡಿದಳು, ಹಿಂದೆ ನಾನು. ಭಾವ ಕಾಫಿ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ.

“ನಮ್ಮ ನದಿ ಇದೆಯಲ್ಲ,” ಎಂದರು, “ಅದು ನೇರವಾಗಿ ಹರಿಯೋದೇ ಇಲ್ಲ ಕಣೇ. ಪೂರ್ತಿ ಅಡ್ಡಾದಿಡ್ಡಿ. ಬೇಕಾದ ಕಡೆ ಅಗಲ, ಬೇಕಾದ ಕಡೆ ಸಣ್ಣ. ಯಾರೂ ನನಗೆ ಹೇಳಲೇ ಇಲ್ಲ.”

ಯಾರ ಮೇಲಾದರೂ ಕೇಸು ಹಾಕಬೇಕು ಎನ್ನುವ ಧಾಟಿಯಲ್ಲೇ ಹೇಳಿದರು. ಆದರೆ ಕಣ್ಣು ಮಾತ್ರ ಇನ್ನೂ ಮೇಲೇ ಇತ್ತು. ಅಕ್ಕ ರೆಕ್ಕೆಗೆ ಒರಗಿ ನಿಂತು, “ಬಣ್ಣ ಹೇಗಿತ್ತು ರೀ ನೀರಿಂದು?” ಎಂದು ಕೇಳಿದಳು. ಭಾವ ಕಾಫಿ ಲೋಟವನ್ನು ಅವಳ ಕೈಗೆ ಕೊಟ್ಟು ಹೇಳತೊಡಗಿದರು.